ಜೋಕಮಾರ ಸತ್ತ ರಾತ್ರಿ ಹೊರಗ ಹೋಗಬ್ಯಾಡ

2025ರ ಅಕ್ಟೋಬರ್ 31, ಶುಕ್ರವಾರ. ಬೆಂಗಳೂರಿನ ನಮ್ಮ ಆಫೀಸಿನ ಲಿಫ್ಟ್ ಬಾಗಿಲಿಗೆ ಹತ್ತಿಯಿಂದ ಮಾಡಿದ ಜೇಡರ ಬಲೆ ಅಂಟಿಸಿದ್ದರು. ರಿಸೆಪ್ಶನ್ ಮೇಜಿನ ಮೇಲೆ ಕಣ್ಣು-ಬಾಯಿ ಕೊರೆದ ಪ್ಲಾಸ್ಟಿಕ್ ಕುಂಬಳಕಾಯಿ, ಒಳಗೆ ಬ್ಯಾಟರಿ ದೀಪ. ಸಂಜೆ ನಾಲ್ಕಕ್ಕೆ ಕ್ಯಾಂಟೀನಿನಲ್ಲಿ ವೇಷದ ಸ್ಪರ್ಧೆ. ಮೋಹಿನಿಯಾಗಿ ಬಂದಿದ್ದ ಪಕ್ಕದ ಟೀಮಿನ ಹುಡುಗಿಗೆ ಮೊದಲ ಬಹುಮಾನ. ಬಿಳಿ ಸೀರೆ ಅವಳ ಅತ್ತೆಯದಂತೆ. ಚಾಕಲೇಟ್ ತಿನ್ನುತ್ತ ನಿಂತಿದ್ದಾಗ ದೆಹಲಿ ಕಡೆಯ ಸಹೋದ್ಯೋಗಿಯೊಬ್ಬ ಕೇಳಿದ: "ನಿಮ್ಮೂರ ಕಡೆ ಇಂಥ ಹಬ್ಬ ಏನಾದರೂ ಇದೆಯಾ?"

"ಇಲ್ಲಪ್ಪ" ಅಂದುಬಿಟ್ಟೆ.

ಸೀಟಿಗೆ ಬಂದು ಲ್ಯಾಪ್‌ಟಾಪ್ ತೆರೆದ ಮೇಲೆ ಹೊಳೆಯಿತು, ಇದೆಯಲ್ಲ! ಅದನ್ನು ನೋಡಿಕೊಂಡು ಬಂದು ಎರಡು ತಿಂಗಳೂ ಆಗಿರಲಿಲ್ಲ. ಮನೆ ಮನೆಗೆ ಹೋಗಿ ಹಾಡಿ ಕೇಳುವವರು ಅದರಲ್ಲಿದ್ದಾರೆ. ಮೊರದಲ್ಲಿ ತಂದು ಹಾಕುವವರಿದ್ದಾರೆ. ಕಿವಿಯವರೆಗೆ ಬಾಯಿ ತೆರೆದ ಮುಖವಿದೆ, ಒಂದು ಕೊಲೆಯಿದೆ, ಕೊಲೆಯಾದ ಮೇಲೆ ಯಾರೂ ಹೊರಗೆ ಕಾಲಿಡದ ಒಂದು ರಾತ್ರಿಯಿದೆ. ಅದು ಹೆದರಿಕೆಯ ಹಬ್ಬ ಅಂತ ನಮಗೆ ಯಾವತ್ತೂ ಅನ್ನಿಸಿಲ್ಲ, ಅಷ್ಟೇ. ನಾವು ಅದನ್ನು ಜೋಕಮಾರನ ಹುಣ್ಣಿಮಿ ಅಂತೀವಿ.

ಹ್ಯಾಲೋವೀನ್ ಕತೆಯನ್ನು ಮೊದಲು ಬೇಗ ಹೇಳಿ ಮುಗಿಸುತ್ತೇನೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಕೆಲ್ಟಿಕ್ ಜನಕ್ಕೆ ಅಕ್ಟೋಬರ್ ಮುಗಿದು ನವೆಂಬರ್ ಹುಟ್ಟುವ ಹೊತ್ತು ಬೇಸಿಗೆಯ ಕೊನೆ, ಚಳಿಗಾಲದ ಮೊದಲು. ಗುಡ್ಡದ ಮೇಲೆ ಮೇಯಲು ಬಿಟ್ಟ ದನಗಳನ್ನು ಕೆಳಗೆ ಹೊಡೆದುಕೊಂಡು ಬರುವ ಕಾಲ. ಆ ಸಂಧಿಯ ರಾತ್ರಿ ಆಚೆ ಲೋಕದವರು ಈಚೆ ಬರಬಹುದು ಎಂಬ ನಂಬಿಕೆ. ಹಬ್ಬದ ಹೆಸರನ್ನು ಬರೆಯುವುದು ಒಂದು ಥರ, ಓದುವುದು ಹೆಚ್ಚುಕಡಿಮೆ 'ಸಾವಿನ್' ಅಂತ. ನಮ್ಮ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ; ಬರೀ ಕಾಕತಾಳೀಯ, ದಯವಿಟ್ಟು ಯಾರೂ ಇದರ ಮೇಲೆ ವಾಟ್ಸ್ಯಾಪ್ ಫಾರ್ವರ್ಡ್ ಮಾಡಬೇಡಿ. 8ನೇ ಶತಮಾನದಲ್ಲಿ ಪೋಪ್ ಮೂರನೇ ಗ್ರೆಗರಿ ರೋಮಿನಲ್ಲಿ ಎಲ್ಲ ಸಂತರ ಹೆಸರಿಗೆ ಒಂದು ಪ್ರಾರ್ಥನಾಲಯ ಮಾಡಿಸಿದರು. ಮುಂದಿನ ಶತಮಾನದ ಹೊತ್ತಿಗೆ ನವೆಂಬರ್ 1 ಸಂತರ ದಿನವಾಗಿ ಪಶ್ಚಿಮ ಯುರೋಪಿನಲ್ಲಿ ನೆಲೆಯಾಯಿತು. ಸಂತರಿಗೆ ಹಳೆ ಇಂಗ್ಲಿಷಿನಲ್ಲಿ 'ಹ್ಯಾಲೋ', ಅವರ ದಿನದ ಹಿಂದಿನ ಸಂಜೆ ಹ್ಯಾಲೋವೀನ್. ಬಡವರು ಮನೆ ಮನೆಗೆ ಹೋಗಿ, ಆ ಮನೆಯ ಸತ್ತವರಿಗಾಗಿ ಪ್ರಾರ್ಥನೆ ಮಾಡಿ, ಬದಲಿಗೆ ಸಣ್ಣ ಸಿಹಿರೊಟ್ಟಿ ಇಸಿದುಕೊಳ್ಳುತ್ತಿದ್ದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು, ಜನ ಹಸಿವಿನಿಂದ ಸತ್ತರು, ಬದುಕಿದವರಲ್ಲಿ ಲಕ್ಷಗಟ್ಟಲೆ ಮಂದಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹಬ್ಬವೂ ಅವರ ಜೊತೆ ಹೋಯಿತು. ಊರಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಅಲ್ಲಿ ಕುಂಬಳಕಾಯಿ ಸಿಕ್ಕಿತು. ದೊಡ್ಡದು, ಕೊರೆಯೋದೂ ಸುಲಭ.

ಆದರೆ ಇದರ ಮೂಲ ಇದೇ ಅಂತ ಬೆರಳಿಟ್ಟು ತೋರಿಸೋದು ಕಷ್ಟ. ಕೆಲ್ಟಿಕ್ ಜನ ತಾವೇ ಏನೂ ಬರೆದಿಡಲಿಲ್ಲ. ಈ ಹಬ್ಬದ ಕತೆಗಳನ್ನು ಬರೆದವರು ಎಷ್ಟೋ ಶತಮಾನ ಆದಮೇಲಿನ ಕ್ರೈಸ್ತ ಸನ್ಯಾಸಿಗಳು. ಇಂಗ್ಲೆಂಡಿನ ಇತಿಹಾಸಕಾರ ರೊನಾಲ್ಡ್ ಹಟನ್ ಅಂಥವರು ಇದನ್ನೇ ಎತ್ತಿ ಹೇಳಿ, ಎರಡು ಸಾವಿರ ವರ್ಷದ ಅಖಂಡ ಪರಂಪರೆ ಅಂತ ಸುಮ್ಮನೆ ಹೇಳಬೇಡಿ ಎಂದು ಎಚ್ಚರಿಸುತ್ತಾರೆ. ಜೋಕಮಾರನ ಮಟ್ಟಿಗೂ ನಾನು ಹಾಗೇ ಹೇಳುತ್ತೇನೆ. ಅವನಿಗೆ ಶಾಸನವಿಲ್ಲ, ಸ್ಥಳಪುರಾಣವಿಲ್ಲ. ಇರುವುದು ಹಾಡು. ಊರಿಗೊಂದು ಪಾಠ, ಬಾಯಿಗೊಂದು ಪಾಠ. ಇವನ ಹುಟ್ಟು ಹುಡುಕಬೇಕು ಅಂದರೆ ಗ್ರಂಥಾಲಯಕ್ಕಿಂತ ಹೊಲದ ಕಡೆ ಹೋಗುವುದು ವಾಸಿ.

ನನ್ನ ಅವ್ವನ ತವರು ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಚಿಕ್ಕನರಗುಂದ. ಈ ಸಲ ಆಯಿ, ಅಂದರೆ ಅವ್ವನ ತಾಯಿ, ಫೋನ್ ಮಾಡಿ "ಜೋಕಮಾರನ ವಾರದಾಗ ಬಂದ ಹೋಗು" ಅಂದಿದ್ದಳು. ಯಾಕೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮದುವೆಯಾಗಿ ಆರು ವರ್ಷ. ಎರಡು ಸಲ ಐವಿಎಫ್ ಮಾಡಿಸಿದ್ದೇವೆ, ಎರಡೂ ಸಲ ಕೈಗೂಡಲಿಲ್ಲ. ನಮ್ಮ ಕಡೆ ಈ ದೇವರ ಹತ್ತಿರ ಹೆಂಗಸರು ಏನು ಬೇಡಿಕೊಳ್ಳುತ್ತಾರೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಗಣಪ್ಪನ ವರದಿ, ಜೋಕಮಾರನ ವರದಿ

ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಭಾದ್ರಪದದ ಚವತಿಗೆ ಗಣಪತಿ ಬರುತ್ತಾನೆ. ಅವನ ಬೆನ್ನಿಗೇ, ಶುದ್ಧ ಅಷ್ಟಮಿಗೆ, ಜೋಕಮಾರ ಹುಟ್ಟುತ್ತಾನೆ. ಆಯುಷ್ಯ ಏಳು ದಿನ. ಏಳು ದಿನ ಊರೂರು ತಿರುಗಿ ಹುಣ್ಣಿಮೆ ರಾತ್ರಿ ಸಾಯುತ್ತಾನೆ. 2025ರಲ್ಲಿ ಅಷ್ಟಮಿ ಆಗಸ್ಟ್ 31ಕ್ಕೆ ಬಂದಿತ್ತು, ಹುಣ್ಣಿಮೆ ಸೆಪ್ಟೆಂಬರ್ 7ಕ್ಕೆ. ಭಾನುವಾರ ಹುಟ್ಟಿ ಭಾನುವಾರ ಸತ್ತ.

ಈ ಇಬ್ಬರಿಗೂ ಇರುವ ವ್ಯತ್ಯಾಸವನ್ನು ಆಯಿ ಹೇಳುವ ರೀತಿಯಲ್ಲೇ ಕೇಳಬೇಕು.

"ಗಣಪ್ಪ ಬರ್ತಾನ, ಕಡಬು ಹೋಳಗಿ ಉಂತಾನ, ಚೈನಿ ಮಾಡಿ ಹೊಕ್ಕಾನ. ಅಲ್ಲಿ ಶಿವ ಕೇಳ್ತಾನ, ಭೂಮಿ ಮ್ಯಾಲಿನ ಮಂದಿ ಹೆಂಗ ಅದಾರಪಾ ಅಂತ. ಭಾಳ ಆರಾಮ ಅದಾರ, ಎಲ್ಲಾ ಚಲೋ ಐತಿ ಅಂತಾನ. ಅಂವಗ ಯಾರ ಮನಿಯಾಗೂ ಖಾಲಿ ಗಡಿಗಿ ತೋರಿಸಿಲ್ಲಲ್ಲ! ಜೋಕಮಾರ ಹಂಗಲ್ಲ. ನುಚ್ಚು ಅಂಬಲಿ ಉಂಡಾಂವ. ಹೊಲದಾಗ ಅಡ್ಡಾಡತಾನ, ಬಾಡಿದ್ದು ನೋಡತಾನ. ಹೋಗಿ ಖರೇ ಹೇಳತಾನ. ಆಮ್ಯಾಲ ಮಳಿ ಆಕ್ಕೈತಿ."

ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಒಬ್ಬನದು ತ್ರೈಮಾಸಿಕ ಸಭೆಯ ಸ್ಲೈಡು, ಇನ್ನೊಬ್ಬನದು ಸ್ಥಳದಿಂದ ಬಂದ ವರದಿ. ಮೊದಲನೆಯವನಿಗೆ ಮೆರವಣಿಗೆ, ಡಿಜೆ, ಪಟಾಕಿ. ಎರಡನೆಯವನಿಗೆ ಸಾವು.

ಹೇಗೆ ಸತ್ತ? ಕತೆ ಒಂದೇ ಥರ ಇಲ್ಲ. ಹೆಚ್ಚು ಕೇಳಿಬರುವುದು ಇದು: ಜೋಕಮಾರ ಹೆಣ್ಣಿನ ವಿಷಯದಲ್ಲಿ ಕಟ್ಟು ಇಲ್ಲದವನು. ಅಗಸರ ಮನೆಯ ಹುಡುಗಿಯ ಮೇಲೆ ಕಣ್ಣು ಹಾಕಿದ. ಆ ಮನೆಯವರು ಸಿಟ್ಟಿಗೆದ್ದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರವೇ ಅವನನ್ನು ಕೊಂದು ನೀರಿಗೆ ಹಾಕಿದರು. ನೀರಲ್ಲಿ ಹೋಗುತ್ತಿದ್ದ ಹೆಣವನ್ನು ಅಂಬಿಗರು ಕಂಡರು. ಅದಕ್ಕೇ ಇವತ್ತಿಗೂ ಅವನ ಬುಟ್ಟಿ ಹೊರುವುದು ಅಂಬಿಗೇರ ಮನೆಯ ಹೆಣ್ಣುಮಕ್ಕಳು. ಕೆಲವು ಊರಲ್ಲಿ ಬಾರಕೇರರು, ಇನ್ನು ಕೆಲವು ಕಡೆ ತಳವಾರರು. ಕೊಂದವರೂ, ಎತ್ತಿಕೊಂಡವರೂ, ಹೊತ್ತು ತಿರುಗುವವರೂ ಎಲ್ಲ ಊರ ಅಂಚಿನಲ್ಲಿ, ನೀರಿನ ಹತ್ತಿರ ಕೆಲಸ ಮಾಡುವ ಜನ. ಈ ದೇವರ ಕತೆಯಲ್ಲಿ ಗೌಡ, ಶಾನಭೋಗ, ಪೂಜಾರಿಗಳಿಗೆ ಮಾಡಲು ಕೆಲಸವೇ ಇಲ್ಲ.

ಇನ್ನು ಮೂರ್ತಿ. ಕುಂಬಾರರ ಮನೆಯಲ್ಲೋ ಬಡಿಗೇರ ಮನೆಯಲ್ಲೋ ಮಣ್ಣಿನಿಂದ ಮಾಡುತ್ತಾರೆ. ಅಗಲ ಮುಖ, ಗುಡ್ಡೆ ಕಣ್ಣು, ಹುರಿ ಮೀಸೆ, ತೆರೆದ ಬಾಯಿ. ಸೊಂಟದ ಕೆಳಗಿನ ಭಾಗವನ್ನು ಕುಟುಂಬದ ಪತ್ರಿಕೆಯಲ್ಲಿ ಹೇಗೆ ವರ್ಣಿಸುವುದೋ ಗೊತ್ತಿಲ್ಲ. ಮಾಡಿದವರು ಮಾತ್ರ ಏನೂ ಮುಚ್ಚಿಡುವುದಿಲ್ಲ. ಸುತ್ತ ಬೇವಿನ ಸೊಪ್ಪು ಕಟ್ಟಿದ ಬಿದಿರು ಬುಟ್ಟಿಯಲ್ಲಿ ಅವನನ್ನು ಕೂರಿಸಿ, ಬಾಯಿಗೆ ಬೆಣ್ಣೆ ಒರೆಸುತ್ತಾರೆ. ಸಣ್ಣವಳಿದ್ದಾಗ ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ಆಫೀಸಿನ ಕುಂಬಳಕಾಯಿ ಆ ಮುಖದ ಹತ್ತಿರಕ್ಕೂ ಬರುವುದಿಲ್ಲ.

ಎರೆ ಹೊಲದ ಲೆಕ್ಕ

ಈ ಹಬ್ಬ ಯಾಕೆ ಮೈಸೂರು ಕಡೆ ಇಷ್ಟು ಗಟ್ಟಿಯಾಗಿಲ್ಲ, ನಮ್ಮ ಕಡೆ ಯಾಕಿದೆ ಅನ್ನುವ ಪ್ರಶ್ನೆ ನನಗೆ ಬಹಳ ದಿನದಿಂದ ಇತ್ತು. ಉತ್ತರ ಕಾಲಮಾನದಲ್ಲಿದೆ ಅಂತ ನನ್ನ ಎಣಿಕೆ.

ನರಗುಂದ, ರೋಣ, ನವಲಗುಂದ, ಇದೆಲ್ಲ ಎರೆ ನೆಲ. ಮಳೆ ಬಿದ್ದರೆ ಚಪ್ಪಲಿ ಕಾಲಿಗೆ ಉಳಿಯದಷ್ಟು ಜಿಗಟು, ಬಿಸಿಲು ಬಿದ್ದರೆ ಕೈ ಹೋಗುವಷ್ಟು ಬಿರುಕು. ಮುಂಗಾರಿಗೆ ಹೆಸರು ಬಿತ್ತಿ ಕೊಯ್ಯುತ್ತಾರೆ ನಿಜ, ಆದರೆ ಈ ಮಣ್ಣಿನ ಹಳೆಯ ಬೆಳೆ ಹಿಂಗಾರಿಯದು: ಬಿಳಿಜೋಳ, ಕಡಲೆ, ಗೋಧಿ, ಕುಸುಬಿ. ಬಿತ್ತಿದ ಮೇಲೆ ಮಳೆ ಬರದಿದ್ದರೂ ಎರೆ ಮಣ್ಣು ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟ ಹಸಿಯಲ್ಲೇ, ಚಳಿಗಾಲದ ಇಬ್ಬನಿಯಲ್ಲೇ ಬೆಳೆ ತೆಗೆದುಕೊಡುತ್ತದೆ. ಆ ಹಸಿ ತುಂಬಬೇಕಾದದ್ದು ಸೆಪ್ಟೆಂಬರಿನ ಹುಬ್ಬಿ, ಉತ್ತರಿ, ಹಸ್ತ ಮಳೆಗಳಲ್ಲಿ. ಅಂದರೆ ಜೋಕಮಾರ ಬರುವುದು ಸರಿಯಾಗಿ ಆ ಹೊತ್ತಿಗೆ. ಮುಂಗಾರಿ ಏನು ಕೊಟ್ಟಿತು ಅನ್ನುವುದು ಗೊತ್ತಾಗಿದೆ, ಹಿಂಗಾರಿ ಕೊಡುತ್ತದೋ ಇಲ್ಲವೋ ಗೊತ್ತಿಲ್ಲ. ವರ್ಷದ ಜೋಳದ ರೊಟ್ಟಿ ಆ ಎರಡು-ಮೂರು ವಾರದ ಮೋಡದ ಮೇಲೆ ನಿಂತಿದೆ. ಮೇಲಿನವರಿಗೆ ಖರೇ ಸಂಗತಿ ಮುಟ್ಟಿಸುವ ಒಬ್ಬ ಮನುಷ್ಯ ಬೇಕಾಗುವುದು ಆಗಲೇ.

ಬುಟ್ಟಿ ಹೊತ್ತವರು ಕೊಡುವ ನುಚ್ಚು, ಅಂಬಲಿ, ಬೇವಿನ ಎಲೆಯನ್ನು ರೈತರು ಹೊಲಕ್ಕೆ ಒಯ್ದು ಚರಗ ಚೆಲ್ಲುತ್ತಾರೆ. ಪೈರಿಗೆ ಹುಳ ಬೀಳುವುದಿಲ್ಲ ಎಂಬ ನಂಬಿಕೆ. ಸತ್ತವನ ಪ್ರಸಾದ ಬಿತ್ತನೆಗೆ ಮೊದಲು ಹೊಲ ಸೇರಬೇಕು. ಸಾಯುವುದು, ಮಣ್ಣು ಸೇರುವುದು, ಮತ್ತೆ ಮೊಳೆಯುವುದು: ಬೀಜಕ್ಕೂ ಅವನಿಗೂ ಕತೆ ಒಂದೇ. ಐರ್ಲೆಂಡಿನವರಿಗೆ ದನ ಕೆಳಗಿಳಿಸುವ ಹೊತ್ತು ಹೇಗೋ ನಮಗೆ ಕೂರಿಗೆ ತೆಗೆಯುವ ಹೊತ್ತು ಹಾಗೆ. ತುಳುನಾಡಿನಲ್ಲಿ ಆಟಿ ತಿಂಗಳ ಜಡಿಮಳೆಯಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜನೂ ಇಂಥದೇ ಒಂದು ಸಂಧಿಯವನು. ಋತು ಮಗ್ಗುಲು ಬದಲಿಸುವಾಗೆಲ್ಲ ಬಾಗಿಲಿಗೆ ಯಾರೋ ಬರುತ್ತಾರೆ.

ಚಿಕ್ಕನರಗುಂದದಲ್ಲಿ ಕೂತು ಈ ಕತೆ ಕೇಳುವಾಗ ಇನ್ನೊಂದು ಸಂಗತಿ ತಾನಾಗಿ ನೆನಪಾಗುತ್ತದೆ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ನೀರಿನ ಕರ, ಅಭಿವೃದ್ಧಿ ಕರದ ವಿರುದ್ಧ ರೈತರು ನರಗುಂದಕ್ಕೆ ಹೋಗಿ ತಮ್ಮ ಕಷ್ಟ ಹೇಳಿದರು. ಅಂದಿನ ಗೋಲಿಬಾರಿನಲ್ಲಿ ಸತ್ತ ವೀರಪ್ಪ ಕಡ್ಲಿಕೊಪ್ಪ ಇದೇ ಊರಿನವರು. ಪ್ರತಿ ವರ್ಷ ಆ ದಿನ ರೈತ ಸಂಘಗಳವರು ವೀರಗಲ್ಲಿಗೆ ಮಾಲೆ ಹಾಕಲು ಬರುತ್ತಾರೆ. ಅದಕ್ಕೂ ಜೋಕಮಾರನಿಗೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆಯಿ ಮಾತ್ರ ಜೋಕಮಾರನ ಕತೆ ಮುಗಿಸಿದ ಮೇಲೆ ಪ್ರತಿ ಸಲವೂ ಆ ಮಧ್ಯಾಹ್ನದ ಕತೆಗೇ ಹೋಗುತ್ತಾಳೆ.

ಕಿರುಬೆರಳಿನ ಬೆಣ್ಣೆ

ಶುಕ್ರವಾರ ಬೆಳಿಗ್ಗೆ ಹಾಡು ಮೊದಲು ಕೇಳಿಸಿತು, ಆಮೇಲೆ ಬುಟ್ಟಿ ಕಂಡಿತು. ಮೂವರು ಹೆಂಗಸರು. ಬುಟ್ಟಿ ಹೊತ್ತ ಹಿರಿಯಾಕಿಗೆ ಎಪ್ಪತ್ತರ ಹತ್ತಿರ ಇರಬೇಕು. ಕಟ್ಟೆಯ ಮುಂದೆ ಬುಟ್ಟಿ ಇಳಿಸಿ ಹಾಡು ಮುಂದುವರಿಸಿದರು. ಮೊದಲು ಮಳೆಯ ಹಾಡು, ಆಮೇಲೆ ಹುಟ್ಟಿದ ಹಾಡು, ಆಮೇಲೆ ಪೋಲಿ ಹಾಡು. ಮೂರನೆಯದಕ್ಕೆ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ವರ್ಷದ ಉಳಿದ ದಿನ ಜೋರಾಗಿ ಕೆಮ್ಮದ ಸೊಸೆಯಂದಿರು ಕೂಡ ನಕ್ಕರು. ಗಂಡಸರು ಆ ಹೊತ್ತಿಗೆ ಸರಿಯಾಗಿ ಏನೋ ಕೆಲಸ ನೆನಪಾದವರಂತೆ ಮರೆಯಾಗಿದ್ದರು.

ಆಯಿ ಮೊರದಲ್ಲಿ ಜೋಳ, ಒಣಮೆಣಸಿನಕಾಯಿ, ಉಪ್ಪು ತಂದಳು, ಒಂದು ಬಟ್ಟಲಲ್ಲಿ ಬೆಣ್ಣೆ. ನಾನು ಹಿರಿಯಾಕಿಗೆ ಒಂದು ಪ್ರಶ್ನೆ ಕೇಳಿದೆ. ಈ ವರ್ಷ ನಮ್ಮ ಹೊಲದ ಹೆಸರು ಕಾಯಿ ಬಿಟ್ಟು ನಿಂತಾಗಲೇ ಮಳೆ ಹಿಡಿದು, ಗಿಡದಲ್ಲೇ ಮೊಳಕೆ ಒಡೆದು ಹೋಗಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಏರಿ ತಾಲ್ಲೂಕಿನ ಕೊಣ್ಣೂರಿಗೇ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. ಮಳೆ ಹೆಚ್ಚಾದ ವರ್ಷ ಮಳೆ ಕೇಳುವ ದೇವರು ಏನು ಮಾಡಬೇಕು?

"ಯಮ್ಮಾ, ಈ ಸಲ ಮಳಿ ಸಾಕಾಗೇತಲ್ರಿ, ಈಗ ಇಂವಗ ಏನ್ ಕೆಲಸ?"

ಹಿರಿಯಾಕಿ ನನ್ನನ್ನು ಒಂದು ಕ್ಷಣ ನೋಡಿದಳು. "ಮಳಿ ತರೂದು ಇಂವನ ಕೆಲಸಲ್ಲ ತಂಗಿ. ಇಲ್ಲಿದ್ದದ್ದು ಅಲ್ಲಿ ಹೇಳೂದು ಇಂವನ ಕೆಲಸ. ಬೇಕಂದ್ರ ಬೇಕಂತಾನ, ಸಾಕಂದ್ರ ಸಾಕಂತಾನ."

ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆಮೇಲೆ ಆಯಿ ಅವಳ ಕಿವಿಯಲ್ಲಿ ಏನೋ ಹೇಳಿ ಒಳಗೆ ಹೋದಳು. ಹಿರಿಯಾಕಿ ಜೋಕಮಾರನ ಬಾಯಿಯಿಂದ ಕಿರುಬೆರಳಲ್ಲಿ ಚೂರು ಬೆಣ್ಣೆ ತೆಗೆದು ನನ್ನ ಅಂಗೈಯಲ್ಲಿಟ್ಟು, "ಬೇಡ್ಕೊ" ಅಂದಳು.

ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ನಾಟಕ ನೀವು ನೋಡಿರಬಹುದು. 1972ರದು. ಮಕ್ಕಳಿಲ್ಲದ ಗೌಡತಿ ಜೋಕುಮಾರನಿಗೆ ಅರ್ಪಿಸಿದ ಪಡವಲಕಾಯಿಯನ್ನು ಪಲ್ಯ ಮಾಡಿ ಗಂಡನಿಗೆ ಉಣ್ಣಿಸಬೇಕು ಅಂತ ಒಯ್ಯುತ್ತಾಳೆ. ಅದನ್ನು ಉಣ್ಣುವವನು ಗಂಡನಲ್ಲ, ಹೊಲ ಉಳುವ ಬಸಣ್ಣ. ಕಾಲೇಜಿನಲ್ಲಿ ನಾವು ಅದನ್ನು ಭೂಮಿ ಯಾರದು, ಉತ್ತವನದೋ ಬರೆಸಿಕೊಂಡವನದೋ ಎಂಬ ನಾಟಕವಾಗಿ ಓದಿ ಪರೀಕ್ಷೆ ಬರೆದಿದ್ದೆವು. ಗೌಡತಿಗೆ ಆ ಕಾಯಿ ಹಿಡಿದುಕೊಂಡು ಹೋಗುವಾಗ ಹೇಗನ್ನಿಸಿರಬೇಕು ಅಂತ ನಾವು ಯಾರೂ ಒಂದು ಸಾಲು ಬರೆದಿರಲಿಲ್ಲ.

ನನ್ನ ಬ್ಯಾಗಿನಲ್ಲಿ ಮಾತ್ರೆಗಳಿದ್ದವು, ಫೋನಿನಲ್ಲಿ ವರದಿಗಳ ಪಿಡಿಎಫ್‌ಗಳಿದ್ದವು. ನನಗೆ ಇದರಲ್ಲಿ ನಂಬಿಕೆ ಇಲ್ಲ. ಇಂಥ ವಿಷಯಕ್ಕೆ ಡಾಕ್ಟರರ ಹತ್ತಿರ ಹೋಗಿ, ಗಂಡ ಹೆಂಡತಿ ಇಬ್ಬರೂ ಹೋಗಿ ಅಂತ ಗೆಳತಿಯರಿಗೆ ಹೇಳುವವಳು ನಾನು, ಈಗಲೂ ಹೇಳುತ್ತೇನೆ. ಆದರೆ ಆರು ವರ್ಷದಲ್ಲಿ ಈ ವಿಷಯವಾಗಿ ಯಾರೂ ನನ್ನನ್ನು 'ಏನು ಬೇಕು' ಅಂತ ಕೇಳಿರಲಿಲ್ಲ. 'ಯಾವಾಗ' ಅಂತ ಮಾತ್ರ ಕೇಳಿದ್ದರು. ಬೆಣ್ಣೆ ಬಾಯಿಗೆ ಹಾಕಿಕೊಂಡೆ. ಬೇವಿನ ಕಹಿ ಹತ್ತಿತ್ತು.

ಬುಟ್ಟಿ ತಲೆಗೆತ್ತಿಕೊಳ್ಳುವ ಮೊದಲು ಹಿರಿಯಾಕಿ ನೀರು ಕೇಳಿದಳು. ಆಯಿ ತಂಬಿಗೆ ತಂದು ಮೇಲಿನಿಂದ ಸುರಿದಳು, ಅವಳು ಬೊಗಸೆಯೊಡ್ಡಿ ಕುಡಿದಳು. ನಾನು ಆ ಹೊತ್ತು ಏನೂ ಅನ್ನಲಿಲ್ಲ. ಅವಳು ಹೋದಮೇಲೆ ಅಂದೆ. "ಮೊದಲಿಂದ ಹಂಗ ಬಂದೈತಿ" ಅಂದಳು ಆಯಿ. ಅವಳ ಕೈಯ ಬೆಣ್ಣೆ ನನ್ನ ಬಾಯಿಗೆ ಆಗುತ್ತದೆ, ನಮ್ಮ ತಂಬಿಗೆ ಅವಳ ತುಟಿಗೆ ಆಗುವುದಿಲ್ಲ. ಜಾನಪದ, ಸಂಸ್ಕೃತಿ, ನಮ್ಮ ಬೇರು ಅಂತೆಲ್ಲ ಬರೆಯುವಾಗ ನಾವು ಈ ಬೊಗಸೆಯನ್ನು ಫೋಟೊದಿಂದ ಕತ್ತರಿಸಿಬಿಡುತ್ತೇವೆ.

ಅವಳ ಸೊಸೆ ಬುಟ್ಟಿ ಹೊರಲು ಒಪ್ಪುವುದಿಲ್ಲವಂತೆ. ಮನೆ ಮನೆ ಮುಂದೆ ನಿಲ್ಲುವುದು ಭಿಕ್ಷೆ ಬೇಡಿದಂತೆ ಅನ್ನಿಸುತ್ತದೆ ಅಂತಾಳಂತೆ. ಅದಲ್ಲದೆ ಈಗ ಹುಡುಗರು ಪೋಲಿ ಹಾಡನ್ನಷ್ಟೇ ಹಾಡಿಸಿ ರೀಲ್ಸ್ ಮಾಡುತ್ತಾರೆ, ಕೆಳಗೆ ಏನೇನೋ ಬರೆಯುತ್ತಾರೆ. ಓಣಿಯ ಹೆಂಗಸರು ನಕ್ಕಾಗ ಅದು ಹಬ್ಬವಾಗಿತ್ತು. ಗುರುತಿಲ್ಲದ ಹತ್ತು ಸಾವಿರ ಮಂದಿ ನಕ್ಕಾಗ ಅದು ಬೇರೆ. ಜೋಳದ ಬದಲು ಹತ್ತು ರೂಪಾಯಿ ಕೊಟ್ಟು ಕಳಿಸುವ ಮನೆಗಳೂ ಹೆಚ್ಚಾಗಿವೆ. ಸೊಸೆ ಹೇಳುವುದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಹಾಗಂತ ಆ ಹಿರಿಯಾಕಿಯ ತಲೆಯಲ್ಲಿರುವ ಹಾಡುಗಳು ಅವಳ ಜೊತೆಗೇ ಹೋಗುತ್ತವಲ್ಲ ಎಂಬ ಸಂಕಟವೂ ಬಿಡಲಿಲ್ಲ. ನಾನು ಫೋನಿನಲ್ಲಿ ದನಿ ಮಾತ್ರ ಮುದ್ರಿಸಿಕೊಳ್ಳಲೇ ಅಂತ ಕೇಳಿದ್ದೆ. "ಹುಣ್ಣಿಮಿ ಮುಂದಿನ ಕೆಲಸ ಭಾಳ ಐತಿ, ಮುಂದಿನ ವರ್ಷ ಬಾ" ಅಂದಳು.

ಬಾಗಿಲು ಹಾಕಿದ ರಾತ್ರಿ

ಭಾನುವಾರ ಸಂಜೆಯಿಂದಲೇ ಊರು ಬೇಗ ಬೇಗ ಉಂಡಿತು. ಎರಡು ಕಾರಣ. ಒಂದು ಜೋಕಮಾರ. ಇನ್ನೊಂದು, ಅದೇ ರಾತ್ರಿ ಖಗ್ರಾಸ ಚಂದ್ರಗ್ರಹಣ. ಹತ್ತರ ಸುಮಾರಿಗೆ ಹಿಡಿದು, ಹನ್ನೊಂದರಿಂದ ಹನ್ನೆರಡೂವರೆಯ ತನಕ ಚಂದ್ರ ಪೂರ್ತಿ ಕೆಂಪಾಗುವುದಿತ್ತು. ಎಂಥಾ ಹ್ಯಾಲೋವೀನ್ ಡೈರೆಕ್ಟರಿಗೂ ಇಷ್ಟು ಚೆನ್ನಾಗಿ ಹೊಂದಿಸಲು ಆಗುತ್ತಿರಲಿಲ್ಲ.

ಆ ರಾತ್ರಿ ನಡೆಯುವುದು ಇಷ್ಟು, ವಿವರ ಊರೂರಿಗೆ ಬೇರೆ. ಬುಟ್ಟಿ ಹೊತ್ತ ಮನೆಯವರು ಮೂರ್ತಿಯನ್ನು ಊರ ಹೊರಗೆ ನೀರಿನ ದಂಡೆಗೆ ಒಯ್ಯುತ್ತಾರೆ. ಒನಕೆಯಿಂದ ಹೊಡೆದು ತಲೆ ಬೇರೆ ಮಾಡುತ್ತಾರೆ. ಅಗಸರು ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಇಟ್ಟು, ಹಿಂದೆ ತಿರುಗಿ ನೋಡದೆ ಬರುತ್ತಾರೆ. ಆಮೇಲೆ ಅವನು ನರಳುತ್ತಾನೆ. ಆ ನರಳಿಕೆ ಕಿವಿಗೆ ಬಿದ್ದವರು ಉಳಿಯುವುದಿಲ್ಲ. ಅದಕ್ಕೇ ಯಾರೂ ಹೊರಗೆ ಹೋಗುವುದಿಲ್ಲ, ನೀರಿನ ಕಡೆಗಂತೂ ಇಲ್ಲವೇ ಇಲ್ಲ. ಮೂರು ದಿನ ಅಗಸರು ಬಟ್ಟೆ ಒಗೆಯುವುದಿಲ್ಲ. ಸಂಗ್ರಹಿಸಿದ ಕಾಳಿನಲ್ಲಿ ಆಮೇಲೆ ಅವನ ತಿಥಿಯೂ ಆಗುತ್ತದೆ.

ಇದಕ್ಕೆ ವಿವರಣೆ ಕೊಡುವವರು ಬಹಳ. ಮಳೆಗಾಲದ ಹಳ್ಳಕ್ಕೆ ರಾತ್ರಿ ಯಾರೂ ಹೋಗಬಾರದು ಅಂತ ಹಿರಿಯರು ಹುಟ್ಟಿಸಿದ ಹೆದರಿಕೆ ಅಂತ ಒಬ್ಬರು, ವರ್ಷವಿಡೀ ಊರ ಕೊಳೆ ತೊಳೆಯುವವರಿಗೆ ಮೂರು ದಿನ ರಜೆ ಕೊಡಿಸುವ ಉಪಾಯ ಅಂತ ಇನ್ನೊಬ್ಬರು. ಇರಬಹುದು. ನನಗೆ ಮಾತ್ರ ಹೆದರಿಕೆಯ ಬೇರು ಬೇರೆಲ್ಲೋ ಇದೆ ಅನ್ನಿಸುತ್ತದೆ. ಏಳು ದಿನ ಮನೆ ಬಾಗಿಲಿಗೆ ಬಂದು ಬೆಣ್ಣೆ ತಿಂದವನನ್ನು, ನಮ್ಮ ಪರವಾಗಿ ಮಾತಾಡಲು ಹೊರಟವನನ್ನು, ಊರೇ ಸೇರಿ ಕೊಲ್ಲಿಸುತ್ತದೆ. ಅವನು ಸತ್ತರೇನೇ ಅಲ್ಲಿಗೆ ಹೋಗಿ ವರದಿ ಒಪ್ಪಿಸುವುದು. ಅವನ ನರಳಿಕೆ ಕೇಳಿಸಿಕೊಳ್ಳಲು ಯಾರಿಗೆ ಧೈರ್ಯ ಬರುತ್ತದೆ? ಐರಿಷ್ ಜನ ಆಚೆ ಲೋಕದಿಂದ ಬರುವವರಿಗೆ ಹೆದರಿದರು. ನಾವು ಹೆದರಿದ್ದು ನಾವೇ ಕಳಿಸಿಕೊಟ್ಟವನಿಗೆ.

ಒಂಬತ್ತಕ್ಕೆಲ್ಲ ಮಾವ ಬಾಗಿಲು ಹಾಕಿ ಅಗಳಿ ಇಟ್ಟ. ನನಗೆ ಗ್ರಹಣ ನೋಡುವ ಆಸೆ. ಅಟ್ಟದ ಬೆಳಕಿಂಡಿಯಿಂದಾದರೂ ನೋಡುತ್ತೇನೆ ಅಂದೆ. "ಹೊರಗ ಹೋಗಬ್ಯಾಡ, ಕಿಂಡಿ ತೆಗೀಬ್ಯಾಡ, ಏನಿದ್ರೂ ಫೋನಿನ್ಯಾಗ ನೋಡು" ಅಂದಳು ಆಯಿ. ಹಾಗೇ ಆಯಿತು. ನಮ್ಮ ತಲೆಯ ಮೇಲೇ, ಹೆಂಚಿನಿಂದಾಚೆಗೆ ಕೆಂಪಾಗುತ್ತಿದ್ದ ಚಂದ್ರನನ್ನು ನಾನೂ ಮಾವನ ಮಗಳೂ ಯೂಟ್ಯೂಬ್ ಲೈವ್‌ನಲ್ಲಿ ನೋಡಿದೆವು. ಹನ್ನೊಂದೂವರೆಗೆ ನೆಟ್‌ವರ್ಕ್ ಹೋಯಿತು. ಆಮೇಲೆ ಕತ್ತಲೆ, ಆಯಿಯ ಗೊರಕೆ, ದೂರದಲ್ಲಿ ಒಂದು ನಾಯಿ.

ನನಗೆ ಏನಾದರೂ ಕೇಳಿಸಿತೇ? ಹನ್ನೆರಡರ ಸುಮಾರಿಗೆ ಗಾಳಿಗೆ ಎಲ್ಲೋ ತಗಡು ಕಿರುಗುಟ್ಟಿತು. ತಗಡೇ. ಆದರೂ ದಿಂಬನ್ನು ಕಿವಿಗೆ ಒತ್ತಿಕೊಂಡೆ ಅನ್ನುವುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಓಣಿಯ ಇಸ್ತ್ರಿ ಅಂಗಡಿ ಮುಚ್ಚಿತ್ತು. ಅಂಗಡಿಯವ ಹೊರಗೆ ಕಟ್ಟೆ ಮೇಲೆ ಚಹಾ ಕುಡಿಯುತ್ತ ಕೂತಿದ್ದ. "ವಾಷಿಂಗ್ ಮಿಷನ್ ಬಂದ ಮ್ಯಾಲೂ ಮೂರ ದಿನ ಬಂದ್ ಏನ್ರಿ?" ಅಂದೆ. "ಮಿಷನ್ ನಿಮ್ಮನಿಯಾಗ ಐತಿ, ಕಲ್ಲು ನಮ್ಮ ಕಡೆ ಐತಿ" ಅಂದ. ಅವತ್ತಿನಿಂದಲೇ ಪಿತೃಪಕ್ಷ ಶುರು. ಸೆಪ್ಟೆಂಬರ್ 21ರ ಮಹಾಲಯ ಅಮಾವಾಸ್ಯೆಯವರೆಗೆ ಮನೆ ಮನೆಯಲ್ಲಿ ತಮ್ಮ ತಮ್ಮ ಸತ್ತವರಿಗೆ ಎಡೆ. ಊರಿಗೆಲ್ಲ ಸೇರಿದವನು ಮೊದಲು ಹೋಗಬೇಕು, ಮನೆಯ ಹಿರಿಯರು ಆಮೇಲೆ ಬರುತ್ತಾರೆ.

ಬೆಂಗಳೂರಿಗೆ ಬಂದು ಬೆಣ್ಣೆಯ ಕತೆ ಹೇಳಿದಾಗ ನನ್ನ ಗಂಡ ನಗಲಿಲ್ಲ. "ಏನು ಬೇಡ್ಕೊಂಡೆ?" ಅಂತ ಕೇಳಿದ.

"ಮಳೆ ಸಾಕು ಅಂತ ಹೇಳು ಅಂದೆ" ಅಂದೆ. ಅದು ಅರ್ಧ ನಿಜ.

ದೆಹಲಿಯ ಸಹೋದ್ಯೋಗಿಗೆ ಮರುದಿನ ಮೆಸೇಜ್ ಮಾಡಿ, ಇದೆ, ಬಂದರೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ. ವೇಷ ಹಾಕುವ ಹಾಗಿಲ್ಲ, ಪೋಲಿ ಹಾಡಿನ ವಿಡಿಯೊ ಮಾಡುವ ಹಾಗಿಲ್ಲ, ರಾತ್ರಿ ಒಂಬತ್ತರ ಮೇಲೆ ಹೊರಗೆ ಹೋಗುವ ಹಾಗಿಲ್ಲ ಅಂತಲೂ ಹೇಳಿದ್ದೇನೆ. 2026ರಲ್ಲಿ ಅಧಿಕ ಮಾಸ ಬಂದಿರುವುದರಿಂದ ಚವತಿಯೇ ಸೆಪ್ಟೆಂಬರ್ 14ಕ್ಕೆ, ಜೋಕಮಾರನ ಹುಣ್ಣಿಮೆ 26ಕ್ಕೆ. ಶನಿವಾರ, ರಜೆ ಹಾಕುವ ಗೋಜಿಲ್ಲ. ನಾನು ಮಾತ್ರ ಎರಡು ದಿನ ಮೊದಲೇ ಹೋಗುತ್ತೇನೆ. ಹಿರಿಯಾಕಿ ಹಾಡು ಮುದ್ರಿಸಿಕೊಳ್ಳಲು ಬಾ ಅಂದಿದ್ದಾಳೆ, ನೀರು ಕೊಡುವುದಕ್ಕೆ ಒಂದು ಸ್ಟೀಲ್ ಲೋಟ ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಕು.